ಮೂರನೇ–ಐದನೇ ಕ್ಲಾಸಿನ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಪಾಸಿಂಗ್: ಆಟದಲ್ಲೇ ಕಲಿಸಿದವರು ಅನುಭವ ಹೇಳಿ

ಹೊಸ ಪಿ.ಟಿ. ಟೀಚರ್:
ಸರ್ಕಾರಿ ಪ್ರಾಥಮಿಕ ಶಾಲೆ. 3, 4, 5ನೇ ತರಗತಿ ಸೇರಿ 42 ಮಕ್ಕಳು. ವಾರಕ್ಕೆ ಎರಡು ಪೀರಿಯಡ್, ತಲಾ 40 ನಿಮಿಷ. ಮಣ್ಣಿನ ಮೈದಾನ, ಒಂದೇ ಕಂಬ. ಇರುವ ಚೆಂಡು ಮೂರು: ಎರಡು 7ನೇ ಸೈಜು, ಒಂದು 5ನೇ ಸೈಜು. ಪಾಸ್ ಮಾಡು ಅಂದರೆ ಕಲ್ಲು ಬೀಸಿದ ಹಾಗೆ ಬೀಸ್ತಾರೆ. ಚೆಂಡು ಬಂದರೆ ಮುಖ ತಿರುಗಿಸ್ತಾರೆ. ಆಟ ಶುರುವಾದರೆ ಎಲ್ಲರೂ ಚೆಂಡಿನ ಹಿಂದೆ ಜೇನುನೊಣದ ಹಾಗೆ. ಯಾವ ಆಟ, ಯಾವ ಕ್ರಮದಲ್ಲಿ ಆಡಿಸಬೇಕು? ಬಲ್ಲವರು ಹೇಳಿ.

ಕೆಂಪುಮಣ್ಣು:
ಮೊದಲು ಆ ಎರಡು 7ನೇ ಸೈಜನ್ನು ಬೀರುವಿಗೆ ಹಾಕಿ ಬೀಗ ಜಡಿಯಿರಿ. ಸುತ್ತಳತೆ 75 ಸೆಂ.ಮೀ. ಮೇಲೆ, ತೂಕ 600 ಗ್ರಾಂ ಆಸುಪಾಸು. ಎಂಟು ವರ್ಷದ ಮಗುವಿನ ಕೈಗೆ ಅದು ಕುಂಬಳಕಾಯಿ. ಎದೆಯಿಂದ ತಳ್ಳುವ ಬಲ ಇಲ್ಲದ್ದಕ್ಕೇ ಸೊಂಟದ ಪಕ್ಕಕ್ಕೆ ಒಯ್ದು ಬೀಸುತ್ತೆ. 12 ವರ್ಷದೊಳಗಿನ ಮಿನಿ ಬ್ಯಾಸ್ಕೆಟ್‌ಬಾಲಿಗೆ 5ನೇ ಸೈಜು ಚೆಂಡು, 2.60 ಮೀಟರ್ ಎತ್ತರದ ರಿಂಗು ಅಂತ ಸುಮ್ಮನೆ ಇಟ್ಟಿಲ್ಲ. ಮೂರನೇ ಕ್ಲಾಸಿನವರಿಗೆ 3ನೇ ಸೈಜು ಸಿಕ್ಕರೆ ಇನ್ನೂ ಒಳ್ಳೇದು, 56 ಸೆಂ.ಮೀ., 300 ಗ್ರಾಂ.

ಕೊಳ್ಳುವಾಗ ರಬ್ಬರಿನದೇ ಕೊಳ್ಳಿ. ನಮ್ಮಲ್ಲಿ 450 ರೂಪಾಯಿಯಂತೆ ಎಂಟಕ್ಕೆ 3,600 ಆಯಿತು, ಎಸ್‌ಡಿಎಂಸಿಯಿಂದ (ಶಾಲಾಭಿವೃದ್ಧಿ ಸಮಿತಿ) ಮಂಜೂರಾಗೋಕೆ ಎರಡು ಸಭೆ. ಜೂನ್‌ನಲ್ಲಿ ಎಂಟು, ಡಿಸೆಂಬರ್‌ಗೆ ಐದು. ಎರಡು ಜಾಲಿಮುಳ್ಳಿಗೆ, ಒಂದು ಕಾಂಪೌಂಡಿನಾಚೆ ಬಾವಿಗೆ. ಜಾಸ್ತಿ ದುಡ್ಡು ಕೊಟ್ಟು ಸಿಂಥೆಟಿಕ್ ಚರ್ಮದ್ದು ತಂದರೆ ಒರಟು ನೆಲದಲ್ಲಿ ಮೂರೇ ತಿಂಗಳಿಗೆ ಸಿಪ್ಪೆ ಏಳುತ್ತೆ, ಅದು ಒಳಾಂಗಣದ ಮಾಲು. ಗಾಳಿ ಕಲ್ಲಿನಂತೆ ತುಂಬಬೇಡಿ. ಮಗುವಿನ ತಲೆ ಎತ್ತರದಿಂದ ಬಿಟ್ಟರೆ ಅದರ ಸೊಂಟದವರೆಗೆ ಪುಟಿದರೆ ಸಾಕು. ಮುಖ ತಿರುಗಿಸುವ ರೋಗ ಅರ್ಧ ಅಲ್ಲೇ ಹೋಗುತ್ತೆ.

ಧಾರವಾಡದಂವ:
3,600 ರೂಪಾಯಿ ಎಲ್ಲಿಂದ ತರ್ತಾರ್ರಿ ಸರ್? ಹಳೇ ವಾಲಿಬಾಲ್ ಸಾಕು. 65–67 ಸೆಂ.ಮೀ., 270 ಗ್ರಾಂ ಅಷ್ಟ. ಹೈಸ್ಕೂಲಿನ್ಯಾಗ ಹೊಲಿಗಿ ಬಿಚ್ಚಿದ್ದು ನಾಕೈದು ಬಿದ್ದಿರ್ತಾವ, ಕೇಳಿದ್ರ ಕೊಡ್ತಾರ. ಚಮ್ಮಾರ ಅಣ್ಣಾರ ಕಡೆ ಹೊಲಿಸಿದ್ರ ಒಂದಕ್ಕ 40 ರೂಪಾಯಿ. ನಮ್ಮ ಸಾಲಿಯೊಳಗ ಆರು ಚೆಂಡಿಗೆ ಒಟ್ಟು ಖರ್ಚು 240. ಎದಿಗೆ ಬಡದ್ರೂ ನೋವಿಲ್ಲ, ಅದಕ್ಕ ಹುಡುಗೂರು ಕೈ ಚಾಚತಾವ. ಕೋನ್ ಬದಲಿ ಅರ್ಧ ಮಟ ಉಸುಕು ತುಂಬಿದ ನೀರಿನ ಬಾಟ್ಲಿ. ತಂಡ ಗುರುತಿಸೂ ಬಿಬ್ ಬದಲಿ ಹಳೇ ಸೀರಿ ಅಂಚು ಹರದು ರಟ್ಟಿಗೆ ಕಟ್ಟೂದು. ಸೊಂಟಕ್ಕ ಕಟ್ಟಬ್ಯಾಡ್ರಿ, ಜಗ್ಗಾಡತಾವ.

ಕ್ಲಬ್ ಕೋಚ್, ಬೆಂಗಳೂರು:
ವಾಲಿಬಾಲ್ ದಯವಿಟ್ಟು ಬೇಡ. ಮೈ ನುಣುಪು, ಬೆವರುಗೈಗೆ ಜಾರುತ್ತೆ. ಹಗುರ ಇರೋದರಿಂದ ಮಣಿಕಟ್ಟಿನಲ್ಲೇ ತಳ್ಳಿಬಿಡ್ತಾರೆ, ಕಾಲು ಮುಂದಿಡೋದೇ ಇಲ್ಲ. ಆಮೇಲೆ ಸರಿಯಾದ ಚೆಂಡು ಕೊಟ್ಟಾಗ ಎರಡು ಮೀಟರೂ ಹೋಗಲ್ಲ. ಬಿಡಿಸೋಕೆ ಒಂದು ಸೀಸನ್ ಬೇಕು.

ಕೈ ಮೊದಲು, ಆಟ ಆಮೇಲೆ. ಬೆರಳು ಹರಡಿ ಚೆಂಡಿನ ಎರಡು ಪಕ್ಕ, ಹೆಬ್ಬೆರಳು ಹಿಂದೆ, ಅಂಗೈ ತಾಗಬಾರದು. ಮೊಣಕೈ ಪಕ್ಕೆಗೆ ಹತ್ತಿರ. ಒಂದು ಹೆಜ್ಜೆ ಮುಂದೆ, ತಳ್ಳು, ಮುಗಿದಾಗ ಹೆಬ್ಬೆರಳು ನೆಲ ನೋಡಬೇಕು, ಅಂಗೈ ಹೊರಗೆ. ನೋಡೋಕೆ ಅದೊಂದೇ ಸಾಕು: ಪಾಸ್ ಆದ ಮೇಲೆ 'ಸ್ಟಾಪ್' ಅನ್ನಿ, ಹೆಬ್ಬೆರಳು ಆಕಾಶ ನೋಡ್ತಿದ್ದರೆ ತಳ್ಳಿಲ್ಲ, ಎತ್ತಿಹಾಕಿದ್ದಾನೆ. ಬೌನ್ಸ್ ಪಾಸ್ ದೂರದ ಮೂರರಲ್ಲಿ ಎರಡು ಭಾಗ ದಾಟಿದ ಜಾಗದಲ್ಲಿ ಬಿದ್ದು ಹಿಡಿಯೋನ ಸೊಂಟಕ್ಕೆ ಬರಬೇಕು. ಆ ಜಾಗದಲ್ಲಿ ಒಂದು ಚೀಲ ಹಾಸಿ, ಅದಕ್ಕೆ ಹೊಡೆದವರಿಗೆ ಪಾಯಿಂಟ್. ಎರಡು ವಾರ ಎದುರುಬದುರು ಸಾಲಿನಲ್ಲಿ ಇದೇ. ಅದಾದ ಮೇಲೇ ಆಟ.

ನಡುವಿನ ಮಂಗ:
ಎರಡು ವಾರ ಸಾಲಾ? ಲೆಕ್ಕ ಹಾಕಿ ಕೋಚ್ ಸಾಹೇಬ್ರೇ. 42 ಮಕ್ಕಳು, 3 ಚೆಂಡು, ಸಾಲಿಗೆ 14 ಜನ. ಎಸೆದು ಹಿಂದಕ್ಕೆ ಓಡೋಕೆ ನಾಲ್ಕು ಸೆಕೆಂಡ್ ಅಂದರೂ ಸರದಿ ಬರೋದು 56 ಸೆಕೆಂಡಿಗೊಮ್ಮೆ. ಅರ್ಧ ಗಂಟೆಯಲ್ಲಿ ಮಗುವಿಗೆ 32 ಪಾಸ್. ಉಳಿದ ಹೊತ್ತು ಮುಂದಿನವನ ಜಡೆ ಎಳೆಯೋದು. ಅದೇ ಮಕ್ಕಳನ್ನ ನಾಲ್ಕು ನಾಲ್ಕು ಮಾಡಿ, ಗುಂಪಿಗೊಂದು ಚೆಂಡು ಹೊಂದಿಸಿಕೊಂಡು, ಮೂವರ ನಡುವೆ ಪಾಸ್ ತಡೆಯೋಕೆ ಒಬ್ಬ ಮಂಗನನ್ನ ನಿಲ್ಲಿಸಿ. ಮೂರು ಸೆಕೆಂಡಿಗೊಂದು ಪಾಸ್. ಅರ್ಧ ಸಮಯ ಚೆಂಡು ಹೆಕ್ಕೋಕೇ ಹೋದರೂ ತಲೆಗೆ 75.

ಚೌಕ ನಾಲ್ಕು ಮೀಟರ್, ಸುಣ್ಣದಲ್ಲಿ ಗೆರೆ. ಮೂರನೇ ಕ್ಲಾಸಿಗೆ ಮೂರು ಮೀಟರ್. ಮೊದಲ ದಿನ ಮಂಗ ಕೈ ಬೆನ್ನಿಗೆ ಕಟ್ಟಿಕೊಂಡು ಬರೀ ಓಡಾಡ್ತಾನೆ, ಎರಡನೇ ದಿನ ಒಂದು ಕೈ, ಮೂರನೇ ದಿನ ಎರಡೂ. ಇದನ್ನ ಹಾರಿಸಿ ನೇರ ಪೂರ್ತಿ ಮಂಗ ಬಿಟ್ಟರೆ ಎಲ್ಲರೂ ತಲೆ ಮೇಲಿಂದ ಎತ್ತಿ ಎಸೀತಾರೆ, ಅದೇ ರೂಢಿಯಾಗುತ್ತೆ. ಮಂಗ 45 ಸೆಕೆಂಡಿಗೆ ಬದಲಾಗಲಿ, ಚೆಂಡು ಮುಟ್ಟಿದಾಗ ಅಲ್ಲ. ಮುಟ್ಟಿದಾಗ ಬದಲಾಯಿಸಿದರೆ ನಿಧಾನದ ಮಗು ಇಡೀ ಪೀರಿಯಡ್ ಮಂಗವೇ, ಮರುದಿನ ಹೊಟ್ಟೆನೋವು ಅಂತ ಕೂರುತ್ತೆ.

ಜೇನುನೊಣಕ್ಕೆ ಮದ್ದು ಡ್ರಿಬಲ್ (ಚೆಂಡು ನೆಲಕ್ಕೆ ಪುಟಿಸುತ್ತಾ ಓಡೋದು) ನಿಷೇಧ. ಚೆಂಡು ಹಿಡಿದವನ ಒಂದು ಕಾಲು ನೆಲಕ್ಕೆ ಮೊಳೆ ಹೊಡೆದಂತೆ. 1891ರಲ್ಲಿ ಈ ಆಟ ಹುಟ್ಟುಹಾಕಿದ ನೈಸ್ಮಿತ್ ಬರೆದ 13 ನಿಯಮಗಳಲ್ಲೂ ಚೆಂಡು ಹಿಡಿದು ಓಡುವ ಹಾಗಿರಲಿಲ್ಲ, ಹಿಡಿದ ಜಾಗದಿಂದಲೇ ಎಸೀಬೇಕಿತ್ತು.

ಕ್ಲಬ್ ಕೋಚ್, ಬೆಂಗಳೂರು:
ತಪ್ಪು ಪಾಸ್ 75 ಸಲ ಮಾಡಿದರೆ ತಪ್ಪೇ ಗಟ್ಟಿಯಾಗುತ್ತೆ. 32 ಸರಿಯಾದದ್ದು ಸಾಕು.

ನಡುವಿನ ಮಂಗ:
ಎದುರಿಗೆ ಯಾರೂ ಇಲ್ಲದ ಕಡೆ ಸರಿ ತಪ್ಪು ಎಲ್ಲಿಂದ ಬಂತು? ಯಾರಿಗೆ, ಯಾವಾಗ ಅನ್ನೋದು ಪಾಸಿನ ಮುಕ್ಕಾಲು ಪಾಲು, ಅದು ಸಾಲಿನಲ್ಲಿ ಸಿಗಲ್ಲ. ಅಂದಹಾಗೆ ನೈಸ್ಮಿತ್‌ನ ಮೊದಲನೇ ನಿಯಮದಲ್ಲಿ ಒಂದು ಕೈಲೂ ಎಸೀಬಹುದು ಅಂತಿದೆ. ನಿಮ್ಮ ಹೆಬ್ಬೆರಳಿನ ಶಾಸ್ತ್ರಕ್ಕೆ ಅಲ್ಲಿ ಜಾಗ ಇಲ್ಲ.

ಕರಾವಳಿ ಪಿ.ಇ.:
ನೀವಿಬ್ಬರೂ ಮಳೆಯನ್ನೇ ಮರೆತಿದ್ದೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮೈದಾನವೇ ಇಲ್ಲ ಮಾರಾಯ್ರೆ. ಜಗಲಿಯಲ್ಲಿ ಗೋಡೆ ಪಾಸ್ ಆಡಿಸುವುದು. ಮಕ್ಕಳ ಎದೆ ಎತ್ತರಕ್ಕೆ ಸೀಮೆಸುಣ್ಣದ ವೃತ್ತ, ಅಡ್ಡಳತೆ 60 ಸೆಂ.ಮೀ., ಎರಡು ಮೀಟರ್ ದೂರ. ಜೋಡಿಯಲ್ಲಿ ಒಬ್ಬ ಗೋಡೆಗೆ ಹೊಡೆದು ಹೆಸರು ಕೂಗಿದಾಗ ಇನ್ನೊಬ್ಬ ಹಿಡಿಯಬೇಕು. 30 ಸೆಕೆಂಡಿಗೆ ಎಷ್ಟು ಅಂತ ಎಣಿಕೆ, ಕಳೆದ ವಾರದ ತನ್ನದೇ ಎಣಿಕೆಯ ಜೊತೆ ಸ್ಪರ್ಧೆ. ಕಿಟಕಿ ಗಾಜು ಎರಡು ಒಡೆದಿದೆ, 350 ಮತ್ತು 400. ಹಾಗಾಗಿ ಕಿಟಕಿ ಇಲ್ಲದ ಗೋಡೆ ನೋಡಿಕೊಳ್ಳಿ. ಹೆದರುವ ಮಕ್ಕಳಿಗೆ ಮೊದಲ ವಾರ ಬಲೂನು, ಆಮೇಲೆ ಸ್ಪಂಜಿನ ಚೆಂಡು, ಆಮೇಲೆ ರಬ್ಬರು. ಹತ್ತು ಬೆರಳೂ ಕಾಣುವ ಹಾಗೆ ಕೈ ತೋರಿಸದವನಿಗೆ ಚೆಂಡು ಕೊಡಬೇಡಿ ಎಂಬ ಒಂದೇ ನಿಯಮ ಇಟ್ಟರೆ ಮಕ್ಕಳೇ ಒಬ್ಬರಿಗೊಬ್ಬರು ಪೊಲೀಸರಾಗುತ್ತಾರೆ.

ಮಳೆ ಬಿಟ್ಟ ಮೇಲೆ ಪಾಸ್ ಮುಟ್ಟಾಟ. ಬ್ಯಾಸ್ಕೆಟ್‌ಬಾಲ್ ಅಂಗಳದ ಅರ್ಧದಷ್ಟು ಜಾಗ, 12 ಮಕ್ಕಳು, ಮೂವರು ಬೇಟೆಗಾರರು, ಒಂದು ಚೆಂಡು. ಬೇಟೆಗಾರರು ಚೆಂಡು ಹಿಡಿದು ಹೆಜ್ಜೆ ಇಡುವ ಹಾಗಿಲ್ಲ, ಪಾಸ್ ಮಾಡುತ್ತಾ ಹತ್ತಿರ ಹೋಗಿ ಕೈಯಲ್ಲಿರುವ ಚೆಂಡನ್ನು ಬೆನ್ನಿಗೆ ಮುಟ್ಟಿಸಬೇಕು. ಎಸೆದು ಹೊಡೆಯುವಂತಿಲ್ಲ. ಸಿಕ್ಕಿದವನು ಹೊರಗೆ ಹೋಗುವುದಲ್ಲ, ಬೇಟೆಗಾರನಾಗುತ್ತಾನೆ.

ಧಾರವಾಡದಂವ:
ಎಸದು ಹೊಡದ್ರ ಏನಾತ್ರಿ? ಲಗೋರಿ ಆಡಿದ ಮಂದಿ ನಾವು. ಹೊಡೆಯೂ ಆಟದಾಗ ಇದ್ದ ಮಜಾ ಬ್ಯಾರೇದ್ರಾಗಿಲ್ಲ, ಗುರಿನೂ ಬರತೈತಿ.

ಕರಾವಳಿ ಪಿ.ಇ.:
ಲಗೋರಿಯ ಚೆಂಡು ಮುಷ್ಟಿಯಷ್ಟು. ಇದು ಅಲ್ಲ. ಹೊಡೆಯುವ ಆಟದಲ್ಲಿ ಮಕ್ಕಳು ಕಲಿಯುವುದು ಚೆಂಡಿನಿಂದ ಓಡುವುದನ್ನು, ಟೀಚರ್ ಕೇಳಿದ್ದು ಚೆಂಡಿನ ಕಡೆ ಕೈ ಚಾಚುವುದನ್ನು. ಎರಡೂ ಒಟ್ಟಿಗೆ ಆಗುವುದಿಲ್ಲ.

ಇಬ್ಬರು ಮಕ್ಕಳ ತಾಯಿ, ಮಾಜಿ ಆಟಗಾರ್ತಿ:
ಬೆರಳಿನ ಮಾತು ಯಾರೂ ಎತ್ತಿಲ್ಲ. ಮಕ್ಕಳು ಬೆರಳನ್ನ ಚೆಂಡಿನ ಕಡೆ ಈಟಿ ಹಾಗೆ ಚಾಚ್ತಾರೆ, ತುದಿಗೆ ಬಡಿದು ಗೆಣ್ಣು ಊದುತ್ತೆ. ಎದೆ ಮೇಲೆ ಬಂದರೆ ಬೆರಳು ಆಕಾಶಕ್ಕೆ, ಸೊಂಟದ ಕೆಳಗೆ ಬಂದರೆ ನೆಲಕ್ಕೆ, ಇದನ್ನ ಮೊದಲ ದಿನವೇ ಹೇಳಿ. ಊದಿದರೆ ಬಟ್ಟೆಯಲ್ಲಿ ಸುತ್ತಿದ ಐಸು 10–15 ನಿಮಿಷ, ಪಕ್ಕದ ಬೆರಳಿಗೆ ಜೋಡಿಸಿ ಟೇಪು.

ಧಾರವಾಡದಂವ:
ಅದಕ್ಕ ಇಷ್ಟ್ಯಾಕ? ಹಿಡದು ಒಮ್ಮೆ ಲಟಕ್ ಅಂತ ಎಳದ್ರ ಸರಿ ಹೋಗತೈತಿ.

ಇಬ್ಬರು ಮಕ್ಕಳ ತಾಯಿ, ಮಾಜಿ ಆಟಗಾರ್ತಿ:
ಎಳೀಬೇಡಿ! ಬೆಳೆಯೋ ಮಕ್ಕಳ ಮೂಳೆಯ ತುದಿ ಇನ್ನೂ ಮೆತ್ತಗಿರುತ್ತೆ, ಒಳಗೆ ಬಿರುಕಿದ್ದರೆ ಎಳೆತಕ್ಕೆ ಜರುಗುತ್ತೆ. ತುದಿ ನೆಟ್ಟಗೆ ನಿಲ್ಲದೆ ಬಾಗಿಕೊಂಡರೆ ಅದು ಸ್ನಾಯುರಜ್ಜು ಕಿತ್ತಿರೋದು ಇಲ್ಲವೇ ಮೂಳೆ ಬಿರಿದಿರೋದು, ಅವತ್ತೇ ಎಕ್ಸ್‌ರೇ. ನಾಳೆ ನೋಡೋಣ ಅಂದವರ ಬೆರಳು ಹಾಗೇ ಡೊಂಕಾಗಿ ಉಳಿದಿದೆ.

ನಡುವಿನ ಮಂಗ:
ಇದೊಂದು ಮಾತಿಗೆ ನೂರಕ್ಕೆ ನೂರು. ಮೂಲ ವಿಷಯಕ್ಕೆ ಬಂದರೆ, ಮಂಗನ ಆಟ ಸರಾಗವಾದ ಮೇಲೆ 'ಹತ್ತು ಪಾಸ್'. ನಾಲ್ಕು ಎದುರು ನಾಲ್ಕು, 10 × 8 ಮೀಟರ್. ಎದುರಿನವರಿಗೆ ಚೆಂಡು ಸಿಗದ ಹಾಗೆ ಸತತ ಹತ್ತು ಪಾಸಿಗೆ ಒಂದು ಪಾಯಿಂಟ್ ಅಂತ ಪುಸ್ತಕದಲ್ಲಿ ಇರುತ್ತೆ, ಈ ವಯಸ್ಸಿಗೆ ನಾಲ್ಕೇ ಕಷ್ಟ. ನಾಲ್ಕರಿಂದ ಶುರು ಮಾಡಿ. ಕೊಟ್ಟವನಿಗೇ ವಾಪಸ್ ಕೊಟ್ಟರೆ ಲೆಕ್ಕಕ್ಕಿಲ್ಲ, ಇಲ್ಲದಿದ್ದರೆ ಇಬ್ಬರು ಗೆಳೆಯರು ಒಂದೇ ಮೀಟರ್ ದೂರದಲ್ಲಿ ನಿಂತು ನಾಲ್ಕು ಮುಗಿಸ್ತಾರೆ. ಐದು ಸೆಕೆಂಡ್ ಮೀರಿ ಹಿಡಿದರೆ ಚೆಂಡು ಎದುರಿನವರಿಗೆ, ಎಣಿಸೋದು ಎದುರಿನವರೇ. ಗದ್ದಲ ಆಗುತ್ತೆ, ಆಗಲಿ. ಆಮೇಲೆ ಎರಡು ತುದಿಗೆ ಹಳೇ ಸೈಕಲ್ ಟೈರು ಇಟ್ಟು ಒಬ್ಬೊಬ್ಬ ನಾಯಕ, ಅವನಿಗೆ ಪಾಸ್ ತಲುಪಿದರೆ ಗೋಲು. ಇರೋದು ಒಂದೇ ಕಂಬ ಅನ್ನೋ ಚಿಂತೆಯೂ ಹೋಯ್ತು.

ಕ್ಲಬ್ ಕೋಚ್, ಬೆಂಗಳೂರು:
ಟೈರಿನಲ್ಲಿ ನಿಂತ ನಾಯಕನಿಗೆ ಎಲ್ಲರೂ ಎತ್ತರದ ಲಾಬ್ ಎಸೀತಾರೆ, ನೋಡಿ ಬೇಕಾದರೆ.

ನಡುವಿನ ಮಂಗ:
ನೋಡಿದ್ದೀನಿ. ಬೌನ್ಸ್ ಆಗಿ ಬಂದರೆ ಎರಡು ಪಾಯಿಂಟ್ ಅಂದ ಮೂರನೇ ದಿನಕ್ಕೆ ನಿಂತಿದೆ. ಬೈಯೋ ಬದಲು ಅಂಕ ಬದಲಾಯಿಸಿ.

ಕೆಂಪುಮಣ್ಣು:
ಮಣ್ಣಿನಲ್ಲಿ ಬೌನ್ಸಾ? ನೀರು ಚಿಮುಕಿಸಿ ದಿಮ್ಮಸು ಹೊಡೆಯದ ನೆಲದಲ್ಲಿ ಬೌನ್ಸ್ ಪಾಸ್ ಪಾದಕ್ಕೇ ಬರೋದು. ಬೆಳಗಿನ ಪೀರಿಯಡ್ ಆದರೆ ಇಬ್ಬನಿಗೆ ನೆಲ ಸ್ವಲ್ಪ ಬಿಗಿ ಇರುತ್ತೆ, ಮಧ್ಯಾಹ್ನ ಬರೀ ಧೂಳು.

ಹೊಸ ಪಿ.ಟಿ. ಟೀಚರ್:
ಎಲ್ಲರಿಗೂ ಧನ್ಯವಾದ. ಮೂರೂ ತರಗತಿ ಬೆರೆಸಿ ನಾಲ್ಕು ನಾಲ್ಕು ಮಾಡಲೋ, ತರಗತಿವಾರು ಮಾಡಲೋ? ಇನ್ನೊಂದು, 5ನೇ ಸೈಜಿನ ಆ ಒಂದೇ ಚೆಂಡು ಗಾಳಿ ತುಂಬಿದ ಮರುದಿನಕ್ಕೇ ಮೆತ್ತಗಾಗ್ತಿದೆ.

ಧಾರವಾಡದಂವ:
ಸೂಜಿ ಒಣಗಿದ್ದು ಚುಚ್ಚಿರ್ತೀರಿ ಅಕ್ಕಾರ. ಒಣ ಸೂಜಿಗೆ ವಾಲ್ವಿನ ರಬ್ಬರ್ ಹರೀತೈತಿ. ನೀರಿನ್ಯಾಗ ಅದ್ದಿ, ನೆಟ್ಟಗ ಹಾಕ್ರಿ. ಈಗ ಚೆಂಡು ಬಕೆಟ್‌ನ್ಯಾಗ ಮುಳುಗಿಸಿ ನೋಡ್ರಿ. ಗುಳ್ಳಿ ವಾಲ್ವಿನಿಂದ ಬಂದ್ರ ಎರಡು ಹನಿ ಗ್ಲಿಸರಿನ್ ಹಾಕಿ ನೋಡ್ರಿ, ಮೈಯಿಂದ ಬಂದ್ರ ಮುಳ್ಳು.

ಕೆಂಪುಮಣ್ಣು:
ಗ್ಲಿಸರಿನ್ ಸರಿ, ಆದರೆ ಆ ಸೂಜಿ ಸೈಕಲ್ ಪಂಪಿಗೆ ಕೂರಬೇಕಾದರೆ ಹಿತ್ತಾಳೆ ನಿಪ್ಪಲ್ ಬೇಕು. ಸೂಜಿ ಡಜನ್ ತೊಗೊಳ್ಳಿ, ವರ್ಷಕ್ಕೆ ಎಂಟು ಮುರಿಯುತ್ತೆ.

ಧಾರವಾಡದಂವ:
ಎಂಟು ಮುರೀತಾವಂದ್ರ ನೀವು ಡೊಂಕ ಹಾಕ್ತೀರಿ ಸರ್. ನಮ್ಮದು ಎರಡನೇ ವರ್ಷ, ಒಂದೇ ಸೂಜಿ.