ಅನ್ನ ಬಿಟ್ಟು ಆರು ದಿನ, ಹನ್ನೊಂದು ಗಂಟೆಗೆ ಕಾಲಲ್ಲಿ ತ್ರಾಣವೇ ಇಲ್ಲ

ತೋಟದಮನೆ, ಬದಿಯಡ್ಕ
ಮನೆಯವರಿಗೆ 48 ವರ್ಷ, 82 ಕಿಲೋ, ಶುಗರ್ ಉಂಟು. ಕುಚ್ಚಲಕ್ಕಿ ಗಂಜಿ, ಅನ್ನ, ದೋಸೆ ಎಲ್ಲ ನಿಲ್ಲಿಸಿ ಇವತ್ತಿಗೆ ಆರು ದಿನ. ಬೆಳಿಗ್ಗೆ 2 ಮೊಟ್ಟೆ, ಮಧ್ಯಾಹ್ನ 2 ಬಂಗುಡೆ ಮತ್ತೆ ಸೌತೆಕಾಯಿ, ರಾತ್ರಿ ಬಸಳೆಯೋ ತೊಂಡೆಕಾಯಿಯೋ ಪಲ್ಯ. ಎಣ್ಣೆ, ಕಾಯಿಯೂ ಕಡಿಮೆ ಮಾಡಿದ್ದೇವೆ. ತೋಟಕ್ಕೆ ಇಳಿದರೆ ಹನ್ನೊಂದಾಗುವಾಗ ಬಚ್ಚಿ ಕೂತುಬಿಡುತ್ತಾರೆ. ಬಗ್ಗಿ ಅಡಿಕೆ ಹೆಕ್ಕಿ ಎದ್ದರೆ ಕಣ್ಣು ಕತ್ತಲೆ, ರಾತ್ರಿ ಮೀನಖಂಡ ಹಿಡಿಯುತ್ತದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಸೇರಿದ ಮಾತ್ರೆ ದಿನಕ್ಕೊಂದು. ಅಭ್ಯಾಸ ಆಗುವವರೆಗಿನ ಸುಸ್ತಾ, ಬೇರೆ ಏನಾದರೂ ಉಂಟಾ?

ಮದ್ದಿನಂಗಡಿ
ಅಕ್ಕಾ, ಉಳಿದದ್ದೆಲ್ಲ ಆಮೇಲೆ. ಮೊದಲು ಆ ಹನ್ನೊಂದು ಗಂಟೆಗೇ ಗ್ಲೂಕೋಮೀಟರ್‌ನಲ್ಲಿ ನೋಡಿ. ಗ್ಲಿಮೆಪಿರೈಡ್ ಅನ್ನ ಉಂಡರೂ ಬಿಟ್ಟರೂ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತದೆ. ಅನ್ನ ಹೋಯಿತು, ಮಾತ್ರೆ ಹಾಗೇ ಉಳಿಯಿತು, ಮೇಲಿಂದ ತೋಟದ ಕೆಲಸ. ಶುಗರ್ ಇಳಿಯುವುದಕ್ಕೆ ಇಷ್ಟು ಸಾಕು. 70ಕ್ಕಿಂತ ಕಡಿಮೆ ಬಂದರೆ 3 ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ, 15 ನಿಮಿಷಕ್ಕೆ ಪುನಃ ನೋಡಿ. ಬೆವರು, ಕೈ ನಡುಕ, ಮಾತು ತೊದಲುವುದು ಇದ್ದರೆ ಮೀಟರ್ ಹುಡುಕುತ್ತಾ ನಿಲ್ಲಬೇಡಿ, ಸಕ್ಕರೆ ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ನೇರ ಆಸ್ಪತ್ರೆಗೆ. ಡೋಸ್ ಇಳಿಸಬೇಕಾ ಎಂದು ಡಾಕ್ಟ್ರನ್ನು ಇವತ್ತೇ ಕೇಳಿ.

ಕುಂಬಳೆ ಅಡಿಗೆ
ಶುಗರ್ ಸರಿ ಉಂಟು ಎಂದಾದರೆ ಉಳಿಯುವುದು ಉಪ್ಪು. ಗಂಜಿ ಬಿಟ್ಟರೆ ಹೋಗುವುದು ಅಕ್ಕಿ ಒಂದೇ ಅಲ್ಲ. ಗಂಜಿಗೆ ಹಾಕುವ ಉಪ್ಪು, ನೆಂಚಿಕೊಳ್ಳುವ ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಎಲ್ಲ ಒಟ್ಟಿಗೆ ಹೋಗುತ್ತದೆ. ಸೌತೆಕಾಯಿಗೆ ಅಷ್ಟು ಉಪ್ಪು ಯಾರು ಹಾಕುತ್ತಾರೆ?

ಒಳಗೆ ಇನ್ನೊಂದು ಸೋರಿಕೆ. ಲಿವರ್, ಸ್ನಾಯುಗಳಲ್ಲಿ ಗ್ಲೈಕೋಜನ್ ಆಗಿ ಕೂತ ಪಿಷ್ಟ ಗ್ರಾಂಗೆ ಸುಮಾರು 3 ಗ್ರಾಂ ನೀರು ಹಿಡಿದಿರುತ್ತದೆ. ಅದು ಖರ್ಚಾಗುವಾಗ ನೀರೂ ಹೋಗುತ್ತದೆ. ಮೊದಲ ವಾರ ತಕ್ಕಡಿಯಲ್ಲಿ ಇಳಿಯುವುದು ಹೆಚ್ಚಿನದು ಈ ನೀರೇ, ಕೊಬ್ಬು ಕರಗಿತೆಂದು ಖುಷಿಪಡುವುದು ಸುಮ್ಮನೆ. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಸೋಡಿಯಂ ಅನ್ನೂ ಹೊರಗೆ ಬಿಡುತ್ತದೆ. ಎದ್ದಾಗ ಕಣ್ಣು ಕತ್ತಲಾಗುವುದಕ್ಕೆ ಇದೇ ಕಾರಣ ಇರಬಹುದು. ಬಿಪಿ, ಹೃದಯ, ಕಿಡ್ನಿಯ ತೊಂದರೆ ಇಲ್ಲದಿದ್ದರೆ ತೋಟಕ್ಕೆ ಹೋಗುವ ಅರ್ಧ ಗಂಟೆ ಮೊದಲು ಒಂದು ದೊಡ್ಡ ಲೋಟ ನೀರುಮಜ್ಜಿಗೆಗೆ ಕಾಲು ಟೀ ಚಮಚ ಉಪ್ಪು, ಸಂಜೆ ಮತ್ತೊಮ್ಮೆ. ಬರೀ ನೀರನ್ನೇ ಕೊಡಗಟ್ಟಲೆ ಕುಡಿದರೆ ಸುಸ್ತು ಹೆಚ್ಚಾದೀತು. ಬೊಂಡದಲ್ಲಿ (ಎಳನೀರಲ್ಲಿ) ಪೊಟ್ಯಾಸಿಯಂ ಧಾರಾಳ, ಸಕ್ಕರೆಯೂ ಉಂಟು, ಉಪ್ಪಿನ ಕೊರತೆ ಅದರಿಂದ ತುಂಬುವುದಿಲ್ಲ. ಸೈಂಧವವೂ ಸೋಡಿಯಂ ಕ್ಲೋರೈಡೇ, ಹೆಸರಿಗೆ ಮರುಳಾಗಬೇಡಿ.

ತೋಟದಮನೆ, ಬದಿಯಡ್ಕ
ಹೇಳಲು ಮರೆತೆ, ಬಿಪಿಗೆ ಟೆಲ್ಮಿಸಾರ್ಟನ್ ಕೂಡ ಉಂಟು. ಹನ್ನೊಂದು ಗಂಟೆಗೆ ಶುಗರ್ 92 ಬಂತು.

ಮದ್ದಿನಂಗಡಿ
ಹಾಗಾದರೆ ಮಜ್ಜಿಗೆಗೆ ಹೆಚ್ಚಿಗೆ ಉಪ್ಪು ಈಗ ಬೇಡ. ಮಾತ್ರೆಯ ಪಟ್ಟಿಯ ಮೇಲೆ ಹೆಸರಿನ ಕೊನೆಗೆ 'ಎಚ್' ಅಕ್ಷರ ಉಂಟಾ ನೋಡಿ. ಇದ್ದರೆ ಹೈಡ್ರೋಕ್ಲೋರೋಥಯಾಝೈಡ್ ಸೇರಿರುವುದು ಹೆಚ್ಚು, ಅದೂ ಮೂತ್ರದಲ್ಲಿ ಉಪ್ಪು ಹೊರಗೆ ಹಾಕುವ ಮದ್ದೇ. ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಪುನಃ. ಮೇಲಿನ ಅಂಕೆ 20, ಇಲ್ಲವೇ ಕೆಳಗಿನದು 10 ಇಳಿದರೆ ಅದು ಲೆಕ್ಕಕ್ಕೆ ಬರುವ ಇಳಿತ. 'ಲೋ ಸೋಡಿಯಂ' ಎಂದು ಮಾರುವ ಉಪ್ಪು ಕೂಡದು. ಅದರಲ್ಲಿ ಪೊಟ್ಯಾಸಿಯಂ ಉಂಟು, ಟೆಲ್ಮಿಸಾರ್ಟನ್ ಕೂಡ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತದೆ.

ಓದುವ ಬೇರೆಯವರಿಗೂ ಒಂದು ಮಾತು. ಶುಗರ್‌ಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟ್ರಿಗೆ ಹೇಳದೆ ಅನ್ನ ಪೂರ್ತಿ ಬಿಡಬಾರದು. ಶುಗರ್ 200 ದಾಟದೆಯೂ ಕೀಟೋಆಸಿಡೋಸಿಸ್ (ಕೀಟೋನ್ ಹೆಚ್ಚಾಗಿ ರಕ್ತ ಆಮ್ಲೀಯವಾಗುವ ಅಪಾಯ) ಆಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಕಾಯಬೇಡಿ.

ಮೀನು ಮಾರ್ಕೆಟ್, ಮಂಜೇಶ್ವರ
ಊಟದ ಲೆಕ್ಕ ಯಾರೂ ಹಾಕಲಿಲ್ಲವಲ್ಲ ಮಾರಾಯ್ರೇ! ನೀವು ಬರೆದದ್ದೆಲ್ಲ ಕೂಡಿಸಿದರೆ 600–700 ಕ್ಯಾಲೊರಿ. ದಿನಕ್ಕೆ 300 ಗ್ರಾಂ ಅಕ್ಕಿ ಉಣ್ಣುತ್ತಿದ್ದವರಿಗೆ ಅಕ್ಕಿಯಿಂದಲೇ ಸಾವಿರ ಬರುತ್ತಿತ್ತು. ಅಕ್ಕಿ ತೆಗೆದು ಆ ಜಾಗಕ್ಕೆ ಸೌತೆಕಾಯಿ ಇಟ್ಟರೆ ಅದು ಪಥ್ಯವಲ್ಲ, ಉಪವಾಸ. ಪಿಷ್ಟವನ್ನೂ ಎಣ್ಣೆಯನ್ನೂ ಒಟ್ಟಿಗೆ ತೆಗೆದರೆ ಕೆಲಸಕ್ಕೆ ಶಕ್ತಿ ಎಲ್ಲಿಂದ?

ಬೆಳಿಗ್ಗೆ 3 ಮೊಟ್ಟೆ, ಎರಡು ಟೇಬಲ್ ಚಮಚ ತೆಂಗಿನೆಣ್ಣೆಯಲ್ಲಿ ಪಲ್ಯ. ಮಧ್ಯಾಹ್ನ 200 ಗ್ರಾಂ ಮೀನು, 100 ಗ್ರಾಂ ಹಸಿ ಕಾಯಿತುರಿ ಅರೆದ ಗಸಿ. ಆ ತುರಿಯೇ 350 ಕ್ಯಾಲೊರಿ. ರಾತ್ರಿ ಪನೀರ್ ಅಥವಾ ಕೋಳಿ 150 ಗ್ರಾಂ. ದಿನಕ್ಕೆ 75–80 ಗ್ರಾಂ ಪ್ರೋಟೀನ್ ಆಗಬೇಕು. ಒಂದೇ ಸಲ ಸೊನ್ನೆಗೆ ಇಳಿಸುವ ಹಟವೂ ಯಾಕೆ? ಮಧ್ಯಾಹ್ನ ಒಂದು ಕಪ್, 150 ಗ್ರಾಂ, ಬೆಂದ ಅನ್ನ ಇಟ್ಟುಕೊಂಡರೆ ಅದರಲ್ಲಿ ಸುಮಾರು 40 ಗ್ರಾಂ ಪಿಷ್ಟ, ತೋಟದ ಕೆಲಸಕ್ಕೆ ಅನುಕೂಲ. ಅನ್ನದ ಬದಲಿಗೆ ಮರಗೆಣಸು ತಿನ್ನುವವರೂ ಇದ್ದಾರೆ. ಅದರಲ್ಲಿ 100 ಗ್ರಾಂಗೆ 38 ಗ್ರಾಂ ಪಿಷ್ಟ, ಅನ್ನಕ್ಕಿಂತ ಜಾಸ್ತಿ!

ತೋಟದಮನೆ, ಬದಿಯಡ್ಕ
ಪಟ್ಟಿಯಲ್ಲಿ 'ಎಚ್' ಉಂಟು. ಮಲಗಿದಾಗ 128/80, ನಿಂತು ಮೂರನೇ ನಿಮಿಷಕ್ಕೆ 102/68.

ಮದ್ದಿನಂಗಡಿ
26 ಇಳಿದಿದೆ. ಈ ಅಂಕೆಗಳನ್ನು ಹೀಗೇ ಬರೆದು, ಎರಡೂ ಮಾತ್ರೆಯ ಪಟ್ಟಿ ಹಿಡಿದುಕೊಂಡು ನಾಳೆಯೇ ಡಾಕ್ಟ್ರನ್ನು ನೋಡಿ. ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಲು ಕೇಳಿ. ಮೆಟ್‌ಫಾರ್ಮಿನ್ ಶುರುಮಾಡಿ ವರ್ಷಗಳಾಗಿದ್ದರೆ ಬಿ12 ಕೂಡ. ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಅಲ್ಲಿಯವರೆಗೆ ಮಧ್ಯಾಹ್ನದ ಒಂದು ಕಪ್ ಅನ್ನ ಬಡಿಸಿ, ಒಬ್ಬರನ್ನೇ ತೋಟಕ್ಕೆ ಬಿಡಬೇಡಿ.