ಪ್ರಶ್ನೋತ್ತರ: ಬಿಳಿಜೋಳದ ಮಾಲ್ಟ್, ಮನೆ ಬಿಯರ್, ಶುಂಠಿ ಬಾಟಲಿ

ಪ್ರಶ್ನೆ (ಗದಗದಿಂದ): ನಮ್ಮ ಹೊಲದಲ್ಲಿ ಈ ಸಲ ಹಿಂಗಾರಿ ಬಿಳಿಜೋಳ ಚಲೋ ಬಂದಿದೆ. ಆಫ್ರಿಕಾದಲ್ಲಿ ಜೋಳದಿಂದಲೇ ಬಿಯರ್ ಮಾಡುತ್ತಾರಂತೆ. ನೀವು ಬ್ರೂವರಿ ಲ್ಯಾಬಿನಲ್ಲಿ ಕೆಲಸ ಮಾಡುವವರು, ಅದಕ್ಕೇ ಕೇಳುತ್ತಿದ್ದೇನೆ. ಮನೆಮಟ್ಟಿಗೆ ಸ್ವಲ್ಪ ಮಾಡಿಕೊಳ್ಳಬಹುದಾ?

ಉತ್ತರ: ಮಾಡುತ್ತಾರೆ, ನಿಜ. ದಕ್ಷಿಣ ಆಫ್ರಿಕಾದ ಉಮ್‌ಕೊಂಬೋತಿ ಎಂಬ ಬಿಯರ್ ಆಗುವುದೇ ಜೋಳದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಮತ್ತು ಗೋವಿನಜೋಳದಿಂದ. ಆದರೆ ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮಾರಲ್ಲ, ಸುಮ್ನೆ ಮನೆಗಷ್ಟೇ ಅಂದರೂ ಬಿಯರ್ ಬೇಡ. ಮಾಲ್ಟ್ ಮಾಡಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ, ಅಂಬಲಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಪ್ರಶ್ನೆ (ಅದೇ ಓದುಗರು): ಸರಿ ಸರ್, ಬಿಯರ್ ಬಿಟ್ಟೆ. ಜೋಳ ಮೊಳಕೆ ಬರಿಸಿ, ಒಣಗಿಸಿ, ಹಾಗೇ ಗಿರಣಿಗೆ ಕೊಟ್ಟರೆ ಮಾಲ್ಟ್ ಆಯಿತಲ್ವಾ?

ಉತ್ತರ: ಹಾಗೇ ಕೊಡಬೇಡಿ! ಎಳೆ ಜೋಳದ ಪೈರಿಗೆ ದನ ಬಿಡಬೇಡಿ ಅಂತ ನಿಮ್ಮ ಮನೆಯ ಹಿರಿಯರು ಹೇಳಿರುತ್ತಾರೆ. ಆ ವಿಷವೇ ಮೊಳಕೆಯಲ್ಲೂ ಇರುತ್ತದೆ. ಜೋಳ ಮೊಳೆಯುವಾಗ ಚಿಗುರಿನಲ್ಲಿ ಧುರಿನ್ ಎಂಬ ವಸ್ತು ತುಂಬಿಕೊಳ್ಳುತ್ತದೆ, ಅದು ಒಡೆದರೆ ಸಯನೈಡ್ ಬಿಡುತ್ತದೆ. ಕಾಳಿಗಿಂತ ಚಿಗುರು, ಬೇರಿನಲ್ಲೇ ಇದು ಜಾಸ್ತಿ. ಬರೀ ಒಣಗಿಸಿದರೆ ಹೋಗಲ್ಲ.

ಹೀಗೆ ಮಾಡಿ. ಕಾಳನ್ನು ಒಂದು ದಿನ ನೆನೆಸಿ, ನಡುವೆ ನೀರು ಬದಲಿಸಿ. ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೂರು ದಿನ ಇಡಿ. ಬೂಸ್ಟು ಕಂಡರೆ, ವಾಸನೆ ಬಂದರೆ ಪೂರ್ತಿ ಚೆಲ್ಲಿ, ತೊಳೆದು ಉಳಿಸಿಕೊಳ್ಳಬೇಡಿ. ಮಾಳಿಗೆ ಮೇಲೆ ತೆಳುವಾಗಿ ಹರಡಿ ಗರಿಗರಿ ಒಣಗಿಸಿ. ಆಮೇಲೆ ಎರಡೂ ಅಂಗೈ ನಡುವೆ ಹಾಕಿ ಬಲವಾಗಿ ತಿಕ್ಕಿ. ಬಿಳಿ ಬೇರು, ಒಣ ಚಿಗುರು ಪುಡಿಪುಡಿಯಾಗಿ ಉದುರುತ್ತವೆ. ಮೊರದಲ್ಲಿ ಕೇರಿ. ಬರೀ ಕಾಳು ಉಳಿಯುವವರೆಗೂ ತಿಕ್ಕುವುದು, ಕೇರುವುದು ನಿಲ್ಲಿಸಬೇಡಿ. ಕೇರಿದ್ದನ್ನು ದನಕ್ಕೂ ಹಾಕಬೇಡಿ.

ಈಗ ಹಿಟ್ಟು ಮಾಡಿಸಿ. ಮಾಮೂಲಿ ಜೋಳದ ಹಿಟ್ಟಿನ ಗಂಜಿ ಗಟ್ಟಿಯಾಗಿ ಕಾಯಿಸಿ, 60–65 ಡಿಗ್ರಿಗೆ ಇಳಿಯಲಿ. ಒಂದು ಚಮಚ ಮಾಲ್ಟ್ ಹಿಟ್ಟು ಬೆರೆಸಿ ಕಲಕಿ. ಸೌಟು ನಿಲ್ಲುವಷ್ಟು ಗಟ್ಟಿ ಇದ್ದದ್ದು ಕಣ್ಣೆದುರೇ ತೆಳ್ಳಗಾಗುತ್ತದೆ. ಮಾಲ್ಟಿನ ಎಂಜೈಮ್ ಪಿಷ್ಟವನ್ನು ಕತ್ತರಿಸುವ ಕೆಲಸ ಅದು, ಬ್ರೂವರಿಯ ದೊಡ್ಡ ಹಂಡೆಯಲ್ಲಿ ನಡೆಯುವುದೂ ಇದೇ. ಕೊನೆಗೆ ಮುಚ್ಚಳ ತೆಗೆದಿಟ್ಟು ಇನ್ನೊಮ್ಮೆ ಚೆನ್ನಾಗಿ ಕುದಿಸಿ.

ಪ್ರಶ್ನೆ (ಹುಬ್ಬಳ್ಳಿಯಿಂದ): ಶುಂಠಿ, ಸಕ್ಕರೆ ಹಾಕಿ ಹುದುಗಿಸುವ ಶುಂಠಿ ಬಿಯರ್ ಮಕ್ಕಳಿಗೆ ಕೊಡಬಹುದಾ? ಏಪ್ರಿಲ್ ಬಿಸಿಲಿಗೆ ಅಡುಗೆಮನೆಯಲ್ಲಿ ಗಾಜಿನ ಬಾಟಲಿ ಒಡೆದುಹೋಯಿತು. ಲೀಟರಿಗೆ 50 ಗ್ರಾಂ ಸಕ್ಕರೆ ಹಾಕಿದ್ದೆ.

ಉತ್ತರ: ಯಾರಿಗೂ ಗಾಜು ತಾಗಲಿಲ್ಲ ಅಂದುಕೊಳ್ಳುತ್ತೇನೆ. ಬಿಯರ್ ಬಾಟಲಿಯ ನೊರೆಗೆ ಲೀಟರಿಗೆ 6ರಿಂದ 8 ಗ್ರಾಂ ಸಕ್ಕರೆ ಸಾಕು. ನೀವು ಅದರ ಆರೇಳು ಪಟ್ಟು ಸಕ್ಕರೆ ಹಾಕಿ ಮುಚ್ಚಳ ಬಿಗಿದಿದ್ದೀರಿ. ಹುಬ್ಬಳ್ಳಿಯ ಸೆಕೆಗೆ ಹುದುಗಿಸುವ ಯೀಸ್ಟ್ ಜೋರಾಗಿ ಕೆಲಸ ಮಾಡುತ್ತದೆ, ಗ್ಯಾಸಿಗೆ ಹೋಗಲು ದಾರಿ ಇಲ್ಲ. ಇನ್ನೊಂದು ಮಾತು: ಆ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 3% ಆಲ್ಕೋಹಾಲ್ ಆಗುತ್ತದೆ. ಆಹಾರ ಸುರಕ್ಷತಾ ನಿಯಮದಲ್ಲಿ 0.5% ದಾಟಿದರೆ ಅದು ಮದ್ಯವೇ. ಹಾಗಾಗಿ ಮಕ್ಕಳಿಗೆ ಕೊಡಲೇಬೇಡಿ. ಶುಂಠಿ ರಸ, ಬೆಲ್ಲ, ನಿಂಬೆಹಣ್ಣು ಕಲಸಿಟ್ಟುಕೊಂಡು, ಕುಡಿಯುವಾಗ ಸೋಡಾ ಸುರಿದುಕೊಡಿ. ರುಚಿ ಹತ್ತಿರ ಹತ್ತಿರ ಅದೇ. ಅಂಥ ಬಾಟಲಿ ಇನ್ನೂ ಉಳಿದಿದ್ದರೆ ಅಲ್ಲಾಡಿಸಬೇಡಿ, ಈಗಲೇ ಬಿಚ್ಚಲೂ ಹೋಗಬೇಡಿ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ದಪ್ಪ ಟವೆಲ್ ಸುತ್ತಿ ಫ್ರಿಜ್ಜಿನಲ್ಲಿಡಿ. ಪೂರ್ತಿ ತಣ್ಣಗಾದ ಮೇಲೆ ಬಚ್ಚಲಲ್ಲಿ, ಟವೆಲ್ ತೆಗೆಯದೆ, ಮುಚ್ಚಳ ಸ್ವಲ್ಪಸ್ವಲ್ಪವೇ ಸಡಿಲಿಸಿ.