ಟೀಮಕ್ಸ್ ಬಿಟ್ಟು ವಿಮ್ ಒಂದರಲ್ಲೇ ಕೆಲಸ ಸಾಗುತ್ತಾ?

ಪ್ರಶ್ನೆ (ಮಂಡ್ಯದಿಂದ): ನಮಸ್ಕಾರ ಸರ್. ಮನೆಯಿಂದಲೇ ಕೆಲಸ, ಸರ್ವರ್ ಬೆಂಗಳೂರಿನಲ್ಲಿದೆ. ಒಂದೇ ಪರದೆಯಲ್ಲಿ ಹಲವು ಟರ್ಮಿನಲ್ (ಕಮಾಂಡ್ ಹೊಡೆಯುವ ಪರದೆ) ನಡೆಸುವ ಟೀಮಕ್ಸ್‌ನಲ್ಲಿ ಪ್ರತಿ ಆಜ್ಞೆಗೂ ಮೊದಲು ಒತ್ತಬೇಕಾದ ಕಂಟ್ರೋಲ್-ಬಿ ನನಗೆ ಕೈಗೆ ಹತ್ತಲೇ ಇಲ್ಲ. ನಾನು ಫೈಲ್ ಬರೆಯೋ ಎಡಿಟರ್ ವಿಮ್‌ನಲ್ಲಿ ಪುಟ ಹಿಂದಕ್ಕೆ ಹೋಗೋದಕ್ಕೂ ಅದೇ ಕೀ ಬೇಕಲ್ವಾ? ಅದಕ್ಕೆ ಒಂದು ತಿಂಗಳಿಂದ ವಿಮ್ ಒಳಗೇ ಟರ್ಮಿನಲ್ ತೆರೆದುಕೊಳ್ಳುತ್ತಿದ್ದೆ. ಹಾಯಾಗಿತ್ತು. ಮೊನ್ನೆ ರಾತ್ರಿ ಡೇಟಾಬೇಸ್ ಇಂಪೋರ್ಟ್ ಓಡುತ್ತಿದ್ದಾಗ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯಿತು, ವೈಫೈ ಸತ್ತಿತು. ಮತ್ತೆ ಲಾಗಿನ್ ಆದರೆ ವಿಮ್ಮೂ ಇಲ್ಲ, ಇಂಪೋರ್ಟೂ ಇಲ್ಲ. ನಾನು ಮಾಡಿದ್ದು ತಪ್ಪಾ?

ಉತ್ತರ (ಮೈಸೂರಿನಿಂದ, ಸರ್ವರ್ ನೋಡಿಕೊಳ್ಳುವವನು): ಅರ್ಧ ಸರಿ. ಟೀಮಕ್ಸ್ ಎರಡು ಕೆಲಸ ಮಾಡುತ್ತದೆ. ಪರದೆಯನ್ನು ಭಾಗ ಮಾಡಿ ಪಕ್ಕದಲ್ಲೇ ಟರ್ಮಿನಲ್ ಕೊಡೋದು ಒಂದು. ಅದನ್ನು 8.1ನೇ ಆವೃತ್ತಿಯಿಂದ, ಅಂದರೆ 2018ರಿಂದ, ವಿಮ್ ಕೂಡ ಮಾಡುತ್ತದೆ. ನನ್ನ ಕೇಳಿದರೆ ಟೀಮಕ್ಸ್‌ಗಿಂತ ಚೆನ್ನಾಗಿಯೇ ಮಾಡುತ್ತದೆ. ವಿಮ್‌ನ ಟರ್ಮಿನಲ್‌ನಲ್ಲಿ ಕಂಟ್ರೋಲ್-ಡಬ್ಲ್ಯೂ ಒತ್ತಿ ದೊಡ್ಡ ಎನ್ ಒತ್ತಿ ನೋಡಿ. ಔಟ್‌ಪುಟ್ ಪೂರ್ತಿ ಮಾಮೂಲಿ ಬಫರ್ (ವಿಮ್‌ನಲ್ಲಿ ತೆರೆದ ಫೈಲ್) ಥರ ಆಗುತ್ತದೆ. ಹುಡುಕಬಹುದು, ಎರರ್ ಸಾಲು ಎತ್ತಿ ಪಕ್ಕದ ಫೈಲಿಗೆ ಹಾಕಬಹುದು.

ಎರಡನೇ ಕೆಲಸದಲ್ಲೇ ನಿಮಗೆ ಏಟು ಬಿದ್ದಿದೆ. ಟೀಮಕ್ಸ್‌ನಲ್ಲಿ ಶೆಲ್‌ಗಳನ್ನು (ನೀವು ಕೊಟ್ಟ ಕಮಾಂಡ್ ಓಡಿಸುವ ಪ್ರೋಗ್ರಾಂ) ಹಿಡಿದಿರುವ ಪ್ರೋಸೆಸ್ ಬೇರೆ, ನಿಮಗೆ ಕಾಣುವ ಪರದೆ ಬೇರೆ. ಲೈನ್ ಕಡಿದರೆ ಪರದೆ ಹೋಗುತ್ತದೆ, ಶೆಲ್ ಓಡುತ್ತಲೇ ಇರುತ್ತದೆ. ವಿಮ್‌ನಲ್ಲಿ ಎರಡೂ ಒಂದೇ. ಎಸ್‌ಎಸ್‌ಎಚ್ (ಸರ್ವರ್‌ಗೆ ದೂರದಿಂದ ಲಾಗಿನ್ ಆಗುವ ಸಂಪರ್ಕ) ಕಡಿದಾಗ ಅದಕ್ಕೆ ಹ್ಯಾಂಗಪ್ ಸಿಗ್ನಲ್ ಬರುತ್ತದೆ. ಸ್ವಾಪ್ ಫೈಲ್ (ಸೇವ್ ಮಾಡದ ಬರಹದ ತಾತ್ಕಾಲಿಕ ಪ್ರತಿ) ಉಳಿಸಿ ಅದು ಹೊರಡುತ್ತದೆ, ಒಳಗಿದ್ದ ಟರ್ಮಿನಲ್ಲೂ ಜೊತೆಗೆ ಹೊರಡುತ್ತದೆ. ಬರೆದದ್ದು ಬಹುಪಾಲು ವಾಪಸ್ ಸಿಗುತ್ತದೆ, ಓಡುತ್ತಿದ್ದದ್ದು ಸಿಗೋದಿಲ್ಲ.

ಇನ್ನೊಬ್ಬರು: ವಿಮ್ ಬದಲು ಈಮ್ಯಾಕ್ಸ್ ಎಡಿಟರ್, ಅದರ ಡೀಮನ್ (ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಪ್ರೋಸೆಸ್) ಇದ್ದರೆ ಈ ರಗಳೆಯೇ ಇಲ್ಲ ಸರ್!

ಉತ್ತರ: ನೀವು ಬರುತ್ತೀರಿ ಅಂತ ಗೊತ್ತಿತ್ತು! ನಿಜ, 2009ರ 23ನೇ ಆವೃತ್ತಿಯಿಂದ ಆ ಸೌಲಭ್ಯ ಇದೆ. ಆದರೆ ಡೀಮನ್ ಸರ್ವರ್‌ನಲ್ಲೇ ಓಡಬೇಕು. ಈಮ್ಯಾಕ್ಸ್ ಕ್ರ್ಯಾಶ್ ಆದರೆ ಒಳಗಿನ ಶೆಲ್‌ಗಳೂ ಹೋಗುತ್ತವೆ. ಇಂಪೋರ್ಟ್ ಥರದ ಕೆಲಸಕ್ಕೆ ಆ ಧೈರ್ಯ ನನಗಿಲ್ಲ.

ಪ್ರಶ್ನೆ ಕೇಳಿದವರು: ಹಾಗಾದರೆ ಮತ್ತೆ ಟೀಮಕ್ಸೇ ಗತಿನಾ?

ಉತ್ತರ: ಅದನ್ನು ಸುಮ್ನೆ ಕಾವಲಿಗೆ ಇಟ್ಟುಕೊಳ್ಳಿ. ಒಂದೇ ವಿಂಡೋ, ಸ್ಟೇಟಸ್ ಲೈನ್ ಆಫ್, ಒಳಗೆ ನಿಮ್ಮ ವಿಮ್. ಪ್ರಿಫಿಕ್ಸ್ (ಆ ಕಂಟ್ರೋಲ್-ಬಿ) ಬದಲಾಯಿಸಿ, ನಾನು ಕಂಟ್ರೋಲ್-ಸ್ಪೇಸ್ ಇಟ್ಟಿದ್ದೇನೆ. ಇಂಪೋರ್ಟ್ ಮತ್ತೆ ಹಾಕುವ ಮುಂಚೆ ಅರ್ಧ ತುಂಬಿದ ಟೇಬಲ್‌ಗಳನ್ನು ನೋಡಿ. ಹಾಗೇ ಓಡಿಸಿದರೆ ಡುಪ್ಲಿಕೇಟ್ ಎರರ್ ಬಂದು ಇನ್ನೊಂದು ರಾತ್ರಿ ಹೋದೀತು.